ಅಟ್ಟದಲ್ಲಿ ರೇಷ್ಮೆ, ಒಲೆಯ ಪಕ್ಕ ಪೆಟ್ಲುಪ್ಪು

ಜಪಾನಿನ ತೊಯಾಮಾ ಪ್ರಾಂತ್ಯದಲ್ಲಿ ಗೊಕಯಾಮಾ ಎಂಬ ಬೆಟ್ಟದ ಸೀಮೆ ಇದೆ. ಚಳಿಗಾಲದಲ್ಲಿ ಆಳೆತ್ತರಕ್ಕೆ ಹಿಮ ಬೀಳುವ ಜಾಗ. ಅಲ್ಲಿನ ಎರಡು ಹಳ್ಳಿಮನೆಗಳನ್ನು, ಅಂದರೆ ಮುರಕಾಮಿ ಮನೆ ಮತ್ತು ಇವಾಸೆ ಮನೆಯನ್ನು, ಸರ್ಕಾರ 1958ರಲ್ಲೇ ರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿತು. ಇವಾಸೆ ಮನೆಗೆ ಸುಮಾರು 300 ವರ್ಷ, ಐದು ಅಂತಸ್ತು. ಹುಲ್ಲಿನ ಮನೆಗೆ ಐದು ಅಂತಸ್ತು! ಜನ ಇರುತ್ತಿದ್ದದ್ದು ಹೆಚ್ಚಾಗಿ ಕೆಳಗೆ. ಮೇಲಿನ ಅಟ್ಟಗಳೆಲ್ಲ ರೇಷ್ಮೆಹುಳುಗಳ ಪಾಲು.

ಮಾಡಿನ ಇಳಿಜಾರು ಹತ್ತಿರಹತ್ತಿರ 60 ಡಿಗ್ರಿ. ಹಿಮ ಜಾರಲಿ ಅಂತ ಅಷ್ಟು ಕಡಿದು, ಅದು ನೋಡಿದರೇ ಗೊತ್ತಾಗುತ್ತದೆ. ನನಗೆ ಜಾಸ್ತಿ ಇಷ್ಟವಾಗೋದು ಮಾಡಿನ ಬುಡ. ಇಳಿಜಾರಿನ ದಪ್ಪ ತೊಲೆಯ ಕೆಳತುದಿಯನ್ನು ಚೂಪಾಗಿ ಕೆತ್ತಿ, ಅಡ್ಡತೊಲೆಯ ಕುಳಿಯಲ್ಲಿ ಸುಮ್ನೆ ಕೂರಿಸಿದ್ದಾರೆ, ಒರಳಲ್ಲಿ ಒನಕೆ ನಿಲ್ಲಿಸಿದ ಹಾಗೆ. ಕಬ್ಬಿಣದ ಮೊಳೆ ಇಲ್ಲ. ಮೇಲಿನ ಕಟ್ಟುಗಳಿಗೆ ಹುಲ್ಲುಹಗ್ಗ, ಜೊತೆಗೆ ಹಸಿಯಿದ್ದಾಗಲೇ ತಿರುಚಿ ಸುತ್ತಿದ ಎಳೆಕೊಂಬೆ. ಒಣಗಿದಷ್ಟೂ ಅದು ಬಿಗಿಯಾಗುತ್ತದೆ. ಗಾಳಿ ಜೋರಾದಾಗ ತೊಲೆ ಬುಡದಲ್ಲಿ ಸ್ವಲ್ಪ ತಿರುಗುತ್ತದೆ, ಮಾಡು ಓಲಾಡಿ ಮತ್ತೆ ನಿಲ್ಲುತ್ತದೆ. ಅಲ್ಲಾಡದ ಹಾಗೆ ಬಿಗಿದಿದ್ದರೆ ಒತ್ತಡವೆಲ್ಲ ಆ ಸಂದಿಗೇ ಬಿದ್ದು ಮರ ಸೀಳುತ್ತಿತ್ತು, ಅಲ್ವಾ?

ಭಾರ ಹೊರುವ ಬಾಗುತೊಲೆಗಳನ್ನೂ ಬಡಗಿ ಬಾಗಿಸಿದ್ದಲ್ಲ. ಬೆಟ್ಟದ ಓರೆಯಲ್ಲಿ ಬೆಳೆದ ಮರದ ಬುಡ ಹಿಮದ ಭಾರಕ್ಕೆ ತಾನೇ ಬಾಗಿರುತ್ತದೆ. ಆ ಬಾಗನ್ನು ಹಾಗೇ ಬಳಸಿಕೊಂಡರು.

ಇನ್ನು ಒಲೆ. ನಡುಮನೆಯಲ್ಲಿ ನೆಲದಲ್ಲೇ ಉರಿಯುವ ಬೆಂಕಿ. ಅದರ ಹೊಗೆ ಅಟ್ಟಗಳ ಸಂದಿನಿಂದ ಮೇಲೇರಿ ಹುಲ್ಲು, ಹಗ್ಗಗಳಿಗೆ ಹುಳ ಹತ್ತದಂತೆ ಕಾಯುತ್ತಿತ್ತು. ಆದರೆ ನಿಜವಾದ ಕರಾಮತ್ತು ಇದ್ದದ್ದು ಒಲೆ ಪಕ್ಕದ ಹಲಗೆಗಳ ಅಡಿಯಲ್ಲಿ. ಅಲ್ಲಿ ಗುಂಡಿ ತೋಡಿ ಮಣ್ಣು, ರೇಷ್ಮೆಹುಳುವಿನ ಹಿಕ್ಕೆ, ಕಾಡುಸೊಪ್ಪನ್ನು ಪದರಪದರವಾಗಿ ತುಂಬುತ್ತಿದ್ದರು. ಹಿಕ್ಕೆ ಕೊಳೆತಾಗ ಅಮೋನಿಯಾ ಹುಟ್ಟುತ್ತದೆ, ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ. ಈ ಬ್ಯಾಕ್ಟೀರಿಯಾ ಚಳಿಗೆ ಮಂಕಾಗುತ್ತವೆ, ಹೊರಗೆ ಹಿಮವಿದ್ದರೂ ಒಲೆಯ ಬಿಸಿ ಅವುಗಳನ್ನು ಕೆಲಸದಲ್ಲಿಡುತ್ತಿತ್ತು. ನೈಟ್ರೇಟ್ ನೀರಲ್ಲಿ ಬೇಗ ಕರಗುತ್ತದೆ. ಬಯಲಲ್ಲಿದ್ದರೆ ಮಳೆಗೆ ತೊಳೆದುಹೋಗುತ್ತಿತ್ತು, ಇಲ್ಲಿ ತಲೆ ಮೇಲೆ ಮಾಡು ಇತ್ತು. ಕೆಲವು ವರ್ಷ ಬಿಟ್ಟು ಆ ಮಣ್ಣಿಗೆ ನೀರು ಹಾಕಿ ಸೋಸಿ, ಬೂದಿ ಬೆರೆಸಿ ಕುದಿಸಿದರೆ ಬೂದಿಯ ಪೊಟ್ಯಾಸಿಯಂ ಸೇರಿ ಪೆಟ್ಲುಪ್ಪು, ಅಂದರೆ ಪೊಟ್ಯಾಸಿಯಂ ನೈಟ್ರೇಟ್, ಹರಳುಗಟ್ಟುತ್ತಿತ್ತು. ಅದು ಆಗ ಈ ಸೀಮೆಯನ್ನು ಆಳುತ್ತಿದ್ದ ಕಾಗಾ ಸಂಸ್ಥಾನದ ಕೋವಿಮದ್ದಿಗೆ ಹೋಗುತ್ತಿತ್ತು. 19ನೇ ಶತಮಾನದ ಕೊನೆಯ ಹೊತ್ತಿಗೆ ಚಿಲಿ ದೇಶದ ಅಗ್ಗದ ನೈಟ್ರೇಟ್ ಹಡಗಿನಲ್ಲಿ ಬರತೊಡಗಿತು, ಗುಂಡಿಗಳ ಕೆಲಸ ಮುಗಿಯಿತು. ರೇಷ್ಮೆ ಮಾತ್ರ ಅಟ್ಟದಲ್ಲಿ ಮುಂದುವರಿಯಿತು.