ಸರಾಸರಿಯಲ್ಲಿ ಮರೆಯಾಗುವ ರೋಗಿ

ಹೊಸ ಔಷಧಿಗೆ ಹಳೆಯದಕ್ಕಿಂತ ತಲಾ 40,000 ರೂಪಾಯಿ ಹೆಚ್ಚು ಖರ್ಚು, ಸಿಗುವ ಲಾಭ 0.2 ಕ್ವಾಲಿ (QALY, ಆರೋಗ್ಯದ ಗುಣಮಟ್ಟವನ್ನೂ ಸೇರಿಸಿ ಆಯುಷ್ಯ ಅಳೆಯುವ ಮಾನ) ಎಂದುಕೊಳ್ಳಿ. ಪೂರ್ಣ ಆರೋಗ್ಯದ ಒಂದು ವರ್ಷ ಅಂದರೆ 1 ಕ್ವಾಲಿ; ಅರ್ಧ ಆರೋಗ್ಯದ ಎರಡು ವರ್ಷಕ್ಕೂ ಅಷ್ಟೇ. ಭಾಗಿಸಿದರೆ ಒಂದು ಕ್ವಾಲಿಗೆ 2 ಲಕ್ಷ.

ಈ ಅನುಪಾತವನ್ನೇ ನೆಚ್ಚಿಕೊಳ್ಳುವಂತಿಲ್ಲ. 40,000 ಉಳಿಸಿ 0.2 ಕ್ವಾಲಿ ಹೆಚ್ಚು ಕೊಡುವ ಚಿಕಿತ್ಸೆಗೂ, 40,000 ಹೆಚ್ಚು ನುಂಗಿ 0.2 ಕ್ವಾಲಿ ಕಸಿಯುವ ಚಿಕಿತ್ಸೆಗೂ ಬರುವ ಉತ್ತರ ಒಂದೇ: ಮೈನಸ್ 2 ಲಕ್ಷ!

1998ರಲ್ಲಿ ಸಂಶೋಧಕರಾದ ಸ್ಟಿನ್ನೆಟ್ ಮತ್ತು ಮುಲ್ಲಾಹಿ ಭಾಗಾಕಾರ ಬಿಟ್ಟು ವ್ಯವಕಲನದ ದಾರಿ ಹಿಡಿದರು. ಒಂದು ಕ್ವಾಲಿಗೆ 3 ಲಕ್ಷದವರೆಗೆ ಕೊಡಬಹುದು ಎಂದಿಟ್ಟುಕೊಂಡರೆ 0.2ರ ಬೆಲೆ 60,000. ಖರ್ಚು ಕಳೆದರೆ ನಿವ್ವಳ ಲಾಭ 20,000. ಇದರ ನಿಜವಾದ ಬಲ ಬೇರೆಯೇ ಇದೆ. ನಿವ್ವಳ ಲಾಭವನ್ನು ಒಬ್ಬೊಬ್ಬ ರೋಗಿಗೂ ಬೇರೆಬೇರೆಯಾಗಿ ಲೆಕ್ಕ ಹಾಕಬಹುದು, ಹಾಗಾಗಿ ರಿಗ್ರೆಷನ್‌ಗೆ (ಯಾವ ಅಂಶ ಫಲಿತಾಂಶವನ್ನು ಎಷ್ಟು ಬದಲಿಸುತ್ತದೆ ಎಂದು ಅಂದಾಜಿಸುವ ಸಂಖ್ಯಾಶಾಸ್ತ್ರದ ವಿಧಾನಕ್ಕೆ) ನೇರವಾಗಿ ಕೊಡಬಹುದು. ತೀವ್ರತೆಗೆ ತಕ್ಕಂತೆ ಲಾಭ ಬದಲಾಗುತ್ತದೆಯೇ ಎಂದು ತಿಳಿಯಲು ಆಗ ಚಿಕಿತ್ಸೆ, ಕಾಯಿಲೆಯ ತೀವ್ರತೆ ಇವುಗಳ ಜೊತೆಗೆ ಇವೆರಡರ ಗುಣಲಬ್ಧವನ್ನೂ ಸೇರಿಸಬೇಕು. ರೋಗಿಗಳಲ್ಲಿ ಅರ್ಧದಷ್ಟು ಜನರ ಕಾಯಿಲೆ ತೀವ್ರವಾಗಿದ್ದು ಅವರಿಗೆ 0.5 ಕ್ವಾಲಿ ಸಿಕ್ಕಿ, ಉಳಿದರ್ಧ ಜನ ಅಡ್ಡಪರಿಣಾಮದಿಂದ 0.1 ಕಳೆದುಕೊಂಡರೂ ಸರಾಸರಿ ಅದೇ 0.2. ಆದರೆ ನಿವ್ವಳ ಲಾಭ ಮೊದಲ ಗುಂಪಿಗೆ 1,10,000, ಎರಡನೆಯದಕ್ಕೆ ಮೈನಸ್ 70,000. ಎಲ್ಲರಿಗೂ ಒಂದೇ ಔಷಧಿ ಬರೆದರೆ ಅರ್ಧ ಜನರಿಗೆ ಹಾನಿ. (ಗುಂಪುಗಳನ್ನು ದತ್ತಾಂಶ ನೋಡುವ ಮೊದಲೇ ಗೊತ್ತುಮಾಡಿರಬೇಕು, ಆಮೇಲೆ ಹುಡುಕುತ್ತ ಹೋದರೆ ಯಾವುದೋ ಒಂದು ಗುಂಪಿನಲ್ಲಿ ಲಾಭ ಆಕಸ್ಮಿಕವಾಗಿ ಕಂಡೇ ಕಾಣುತ್ತದೆ.)

ಹೆಚ್ಚು ಜನ ಎಡವುವುದು ಅಪೂರ್ಣ ಬಿಲ್ಲುಗಳಲ್ಲಿ. ಅಧ್ಯಯನ ಮುಗಿದಾಗ ಕೆಲವರ ಚಿಕಿತ್ಸೆ ಇನ್ನೂ ನಡೆಯುತ್ತಿರುತ್ತದೆ. ಅವರನ್ನು ಕೈಬಿಟ್ಟರೆ ಬೇಗ ತೀರಿಕೊಂಡವರ ಲೆಕ್ಕವೇ ಮೇಲುಗೈಯಾಗುತ್ತದೆ. ಅಲ್ಲಿಯವರೆಗಿನ ಬಿಲ್ಲನ್ನೇ ಪೂರ್ತಿ ಬಿಲ್ಲೆಂದರೆ ಖರ್ಚು ಕಡಿಮೆ ಕಾಣುತ್ತದೆ. ಬದುಕುಳಿದ ಕಾಲ ಅಳೆಯುವ ಕಪ್ಲಾನ್-ಮೈಯರ್ ವಿಧಾನವನ್ನು ಖರ್ಚಿಗೆ ಹಚ್ಚಿದರೂ ತಪ್ಪೇ: ತಿಂಗಳಿಗೆ ಹೆಚ್ಚು ಖರ್ಚಾಗುವವರ ಬಿಲ್ಲು ನಡುವೆ ನಿಂತಾಗಲೂ ದೊಡ್ಡದು, ಮುಗಿದಾಗಲೂ ದೊಡ್ಡದು, ಹಾಗಾಗಿ ಎರಡೂ ಒಂದಕ್ಕೊಂದು ಸ್ವತಂತ್ರವಲ್ಲ.

2000ದಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಬ್ಯಾಂಗ್ ಮತ್ತು ಸಿಯಾಟಿಸ್ ಇದಕ್ಕೆ ತೂಕ ಕಟ್ಟುವ ಉಪಾಯ ಕೊಟ್ಟರು. ಒಬ್ಬರ ಲೆಕ್ಕ ಪೂರ್ತಿಯಾದ ದಿನದವರೆಗೆ ನಿಗಾದಲ್ಲಿ ಉಳಿಯುವ ಸಂಭವ 0.5 ಇದ್ದರೆ, ಆ ಬಿಲ್ಲನ್ನು ಎರಡು ಸಲ ಎಣಿಸಬೇಕು, 0.25 ಇದ್ದರೆ ನಾಲ್ಕು ಸಲ. ಕಾಲವನ್ನು ತಿಂಗಳುಗಳಾಗಿ ತುಂಡರಿಸಿದರೆ ನಡುವೆ ನಿಂತ ಬಿಲ್ಲುಗಳೂ ಉಪಯೋಗಕ್ಕೆ ಬರುತ್ತವೆ. ಸಂಭವ 0.02ಕ್ಕೆ ಇಳಿದರೆ ಒಬ್ಬರೇ ಐವತ್ತು ಜನರ ಪರವಾಗಿ ಮಾತಾಡುತ್ತಾರೆ, ಫಲಿತಾಂಶ ತೂಗಾಡುತ್ತದೆ. ಅದಕ್ಕೇ ಸಾಕಷ್ಟು ರೋಗಿಗಳು ನಿಗಾದಲ್ಲಿ ಉಳಿದಿರುವ ಅವಧಿಗೆ ಲೆಕ್ಕ ನಿಲ್ಲಿಸಿ, ಆ ಅವಧಿಯನ್ನು ವರದಿಯಲ್ಲಿ ಬರೆಯಬೇಕು.