ಸ್ಟಿಚ್ ಯಾವ ಜಾತಿಯ ನಾಯಿ?

ಡಿಸ್ನಿಯ ‘ಲಿಲೋ ಅಂಡ್ ಸ್ಟಿಚ್’ ಕಾರ್ಟೂನ್ ಸಿನಿಮಾದ ಸ್ಟಿಚ್ ಬಗ್ಗೆ ಕೇಳುವ ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಮಕ್ಕಳು ಕೇಳಿದರೆ ನನಗೆ ಖುಷಿಯೇ. ಆದರೆ ಕೇಳುವವರು ಜಾಸ್ತಿ ಅಪ್ಪ ಅಮ್ಮಂದಿರು, ಅದೂ ಮಗುವಿನ ಪಕ್ಕದಲ್ಲೇ ಕೂತು ಸಿನಿಮಾ ಪೂರ್ತಿ ನೋಡಿದವರು. ಆದ್ದರಿಂದ ಇವತ್ತು ಬಿಡಿಸಿ ಬರೆಯುತ್ತೇನೆ.

ನಾಯಿ ಅಲ್ಲ. ಕೊವಾಲಾ ಎಂಬ ಪ್ರಾಣಿಯೂ ಅಲ್ಲ.

2002ರಲ್ಲಿ ಬಂದ ಈ ಸಿನಿಮಾ ಶುರುವಾಗುವುದೇ ಬೇರೆ ಲೋಕದ ವಿಚಾರಣೆಯಲ್ಲಿ. ಜುಂಬಾ ಎಂಬ ವಿಜ್ಞಾನಿ ಕಾನೂನು ಮುರಿದು ಲ್ಯಾಬಿನಲ್ಲಿ ಒಂದು ಜೀವಿ ತಯಾರಿಸಿದ್ದಾನೆ. ಅದಕ್ಕೆ ಹೆಸರಿಲ್ಲ, ನಂಬರ್ ಮಾತ್ರ, 626. ನಾಲ್ಕು ಕೈ, ಎರಡು ಕಾಲು, ತಲೆಯ ಮೇಲೆ ಆಂಟೆನಾ, ಬೆನ್ನಲ್ಲಿ ಮುಳ್ಳು. ತನ್ನ ಗಾತ್ರದ 3,000 ಪಟ್ಟು ಇರುವುದನ್ನೂ ಎತ್ತುತ್ತದೆ, ಕತ್ತಲಲ್ಲೂ ಕಣ್ಣು ಕಾಣುತ್ತದೆ, ನೀರಿಗೆ ಬಿದ್ದರೆ ಮಾತ್ರ ಕಲ್ಲಿನ ಹಾಗೆ ಮುಳುಗುತ್ತದೆ. ಗಡೀಪಾರು ಶಿಕ್ಷೆಯಾದಾಗ ಪೊಲೀಸರ ನೌಕೆಯನ್ನೇ ಕದ್ದು, ಹವಾಯಿಯ ಕವಾಯಿ ದ್ವೀಪಕ್ಕೆ ಬಂದು ಬೀಳುತ್ತದೆ. ಲಿಲೋ ಎಂಬ ಪುಟ್ಟ ಹುಡುಗಿ ಇರುವುದು ಅಲ್ಲೇ. ಇದರಲ್ಲಿ ನಾಯಿ ಎಲ್ಲಿ ಬಂತು ಹೇಳಿ?

“ಲಿಲೋ ಅದನ್ನು ಬೀದಿನಾಯಿಗಳನ್ನು ಸಾಕುವ ಕಡೆಯಿಂದ ತಂದಳಲ್ವಾ?” ಅಂತ ತಕ್ಷಣ ಕೇಳುತ್ತಾರೆ. ಹೌದು, ತಂದಳು, ತಪ್ಪು ತಿಳುವಳಿಕೆ ಹುಟ್ಟುವುದೂ ಅಲ್ಲೇ. ಲಾರಿ ಹರಿದು ಬಿದ್ದಿದ್ದ 626ನ್ನು ಜನ ನಾಯಿ ಅಂದುಕೊಂಡು ಅಲ್ಲಿಗೆ ಸೇರಿಸಿರುತ್ತಾರೆ. ಅದನ್ನು ಹಿಡಿಯಲು ಬೇರೆ ಲೋಕದವರು ಕಳಿಸಿದ ಜುಂಬಾ ಮತ್ತು ಅವನ ಜೊತೆಗಾರ ಪ್ಲೀಕ್ಲಿ ಹೊಂಚು ಹಾಕಿದ್ದಾರೆ, ಆದರೆ ಮನುಷ್ಯರು ಹತ್ತಿರ ಇದ್ದರೆ ಗುಂಡು ಹಾರಿಸುವಂತಿಲ್ಲ. ಅದಕ್ಕೇ 626 ಎರಡು ಕೈ, ಆಂಟೆನಾ, ಮುಳ್ಳು ಎಲ್ಲವನ್ನೂ ಮೈಯೊಳಗೆ ಎಳೆದುಕೊಂಡು ನಾಯಿಯ ವೇಷ ಹಾಕುತ್ತದೆ. ಆ ಹೊತ್ತಿಗೆ ಲಿಲೋ ಅದಕ್ಕೆ ಗೆಳತಿಯಲ್ಲ, ಗುರಾಣಿ. ಅವಳಾದರೋ ಅಪ್ಪ ಅಮ್ಮ ಇಲ್ಲದ, ಓರಗೆಯ ಹುಡುಗಿಯರು ಹತ್ತಿರ ಸೇರಿಸದ ಮಗು. ನಿಜವಾಗಿಯೂ ಗೆಳೆಯ ಸಿಕ್ಕಿದ ಅಂತ ಅಪ್ಪಿಕೊಳ್ಳುತ್ತಾಳೆ, ಸ್ಟಿಚ್ ಅಂತ ಹೆಸರಿಡುತ್ತಾಳೆ. ಇಲ್ಲಿಂದ ಮುಂದೆ ನಾನೂ ‘ಅದು’ ಅನ್ನುವುದಿಲ್ಲ, ‘ಅವನು’ ಅಂತಲೇ ಬರೆಯುತ್ತೇನೆ.

ಇವನು ನಾಯಿ ಅಂತ ಒಪ್ಪಿಕೊಂಡು ನೋಡಿದರೆ ಕಾಡಿನ ದೃಶ್ಯ ಸುಮ್ನೆ ಕಳೆದುಹೋಗುತ್ತದೆ. ಅಲ್ಲಿ ಸ್ಟಿಚ್ ಬಚ್ಚಿಟ್ಟ ಕೈಗಳನ್ನೂ ಆಂಟೆನಾಗಳನ್ನೂ ಅವಳ ಮುಂದೆ ತಾನಾಗಿಯೇ ಹೊರಗೆ ತೆಗೆಯುತ್ತಾನೆ. ಲಿಲೋಗೆ ಸಿಟ್ಟು ಬರುತ್ತದೆ, ದೂರ ಹೋಗು ಅನ್ನುತ್ತಾಳೆ. ಮೋಸ ಹೋದ ಮಗುವಿನ ಸಿಟ್ಟು ಅದು. ಇಷ್ಟು ಸಲ ನೋಡಿದರೂ ನನಗೆ ಅಲ್ಲಿ ಗಂಟಲು ಕಟ್ಟುತ್ತದೆ.

ಅವನು ನಾಯಿಯಾಗಿರುವುದು ಒಂದು ರಸೀದಿಯಲ್ಲಿ ಮಾತ್ರ. ಕೊನೆಗೆ ಆ ಬೇರೆ ಲೋಕದವರ ಮುಖ್ಯಸ್ಥೆ ಅವನನ್ನು ಕರೆದೊಯ್ಯಲು ಬಂದಾಗ ಲಿಲೋ ಆ ಕಾಗದ ತೋರಿಸುತ್ತಾಳೆ: ಎರಡು ಡಾಲರ್ ಕೊಟ್ಟು ತಂದಿದ್ದೇನೆ, ಕರೆದುಕೊಂಡು ಹೋದರೆ ಕಳ್ಳತನ! ಅಲ್ಲಿಗೆ ಆ ಹೆಂಗಸಿನ ಬಾಯಿ ಕಟ್ಟಿತು.

ಇನ್ನು ನೀವು ಕೇಳದ ಒಂದು ವಿಷಯ, ಆದರೂ ಹೇಳಬೇಕು ಅನ್ನಿಸುತ್ತಿದೆ. ಸಿನಿಮಾದಲ್ಲಿ ಮತ್ತೆ ಮತ್ತೆ ಬರುವ ‘ಒಹಾನಾ’ ಅಂದರೆ ಕುಟುಂಬ ಅಂತ ಎಲ್ಲರಿಗೂ ಗೊತ್ತು. ಆ ಪದದ ಬೇರು ‘ಒಹಾ’. ಹಾಗಂದರೆ ಕೆಸುವಿನ ತಾಯಿಗೆಡ್ಡೆಯ ಪಕ್ಕದಲ್ಲಿ ಒಡೆಯುವ ಮರಿ. ಹೌದು, ನಮ್ಮ ಮಲೆನಾಡು, ಕರಾವಳಿಯಲ್ಲಿ ಪತ್ರೊಡೆ ಮಾಡುತ್ತಾರಲ್ಲ, ಅದೇ ಕೆಸು. ನಾವು ಎಲೆಯನ್ನು ಹೆಚ್ಚು ಮೆಚ್ಚಿದರೆ ಅವರಿಗೆ ಗೆಡ್ಡೆಯೇ ಮುಖ್ಯ, ಬೇಯಿಸಿ ಜಜ್ಜಿ ‘ಪೊಯ್’ ಮಾಡಿ ಊಟ ಮಾಡುತ್ತಾರೆ. ಹವಾಯಿಯ ಹಳೆಯ ಕತೆಯೊಂದರಲ್ಲಿ ಹುಟ್ಟುವಾಗಲೇ ತೀರಿಹೋದ ಕೂಸನ್ನು ಹೂತ ಜಾಗದಲ್ಲಿ ಮೊದಲ ಕೆಸು ಚಿಗುರುತ್ತದೆ. ಆಮೇಲೆ ಹುಟ್ಟಿದ ತಮ್ಮನಿಂದ ಮನುಷ್ಯರು ಬಂದರಂತೆ. ಹಾಗಾಗಿ ಅಲ್ಲಿಯವರಿಗೆ ಕೆಸು ಅಣ್ಣ.