ಕೀಯ ಸೆಲ್ ಮುಗಿದರೆ ಬಟನ್ ಸ್ಟಾರ್ಟ್ ಕಾರು ನಡುದಾರಿಯಲ್ಲಿ ನಿಂತುಬಿಡುತ್ತಾ?

ಪ್ರಶ್ನೆ: ಹಳೇ ಕಾರು ಕೊಟ್ಟು ಹೊಸದು ತಗೊಳ್ಳೋಣ ಅಂತಿದ್ದೇವೆ. ಮಗಳು ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರೇ ಬೇಕು ಅಂತಾಳೆ. ನನಗೆ ಕೀ ತಿರುಗಿಸಿದರೇ ಸಮಾಧಾನ. ಆ ಕೀ ಒಳಗೆ ಒಂದು ಸೆಲ್ ಇರುತ್ತದಂತೆ. ಬೆಂಗಳೂರಿಗೆ ಹೋಗುವಾಗ ಹಿರಿಯೂರಿನ ಹತ್ತಿರ ಅದು ಮುಗಿದರೆ ಏನು ಗತಿ? ಮೊದಲಿನ ಕೀ ಕಾರೇ ಒಳ್ಳೆಯದಲ್ವಾ?
(ಓದುಗರು, ವಿದ್ಯಾನಗರ, ದಾವಣಗೆರೆ)

ಉತ್ತರ: ಇಲ್ಲ, ನಿಲ್ಲುವುದಿಲ್ಲ. ಎಂಜಿನ್ ಒಮ್ಮೆ ಸ್ಟಾರ್ಟ್ ಆದ ಮೇಲೆ ಕೀಯ ಸೆಲ್ ಸತ್ತರೂ ಕಾರು ಓಡುತ್ತದೆ. ಅಷ್ಟೇ ಯಾಕೆ, ಕೀಯೇ ಕಾರಿನಿಂದ ಹೊರಗೆ ಹೋದರೂ ಓಡುತ್ತಲೇ ಇರುತ್ತದೆ. ಹೆದ್ದಾರಿಯ ವೇಗದಲ್ಲಿ ಎಂಜಿನ್ ದಿಢೀರ್ ಅಂತ ಬಂದ್ ಆದರೆ ಜೀವಕ್ಕೇ ಅಪಾಯ. ಅದಕ್ಕೇ ಹಾಗೆ ಮಾಡಿದ್ದಾರೆ. ಹಿರಿಯೂರಿನಲ್ಲಿ ಟೀ ಕುಡಿಯಲು ನಿಲ್ಲಿಸಿ, ಬಂದ್ ಮಾಡಿ, ಮತ್ತೆ ಹೊರಡುವಾಗ ಮಾತ್ರ ಕೀ ಬೇಕು. ಆಗ ಸೆಲ್ ಸತ್ತಿದ್ದರೂ ಸ್ಟಾರ್ಟ್ ಮಾಡಲು ದಾರಿ ಇದೆ.

ಆ ದಾರಿ ಯಾವುದು ಅಂತ ತಿಳಿಯಲು ಈ ಕೀ ಕೆಲಸ ಮಾಡುವ ರೀತಿ ಸ್ವಲ್ಪ ಗೊತ್ತಿರಬೇಕು. ನೀವು ಬಾಗಿಲ ಹಿಡಿ ಮುಟ್ಟಿದಾಗ ಅಥವಾ ಬಟನ್ ಒತ್ತಿದಾಗ ಕಾರು ರೇಡಿಯೋ ಅಲೆಯಲ್ಲಿ ಕೀಯನ್ನು ಕೂಗಿ ಕರೆಯುತ್ತದೆ. ಸಾಮಾನ್ಯವಾಗಿ ಅದು 125 ಕಿಲೋಹರ್ಟ್ಸ್‌ನ ಅಲೆ. ಒಂದೆರಡು ಮೀಟರ್ ಆಚೆಗೆ ಅದು ಕೇಳಿಸುವುದಿಲ್ಲ. ನಿಮ್ಮ ಜೇಬಿನಲ್ಲಿರುವ ಕೀ ಆ ಕೂಗಿಗೆ ಎಚ್ಚರವಾಗಿ ಗುಟ್ಟಿನ ಉತ್ತರ ಕೊಡುತ್ತದೆ. ನಮ್ಮ ದೇಶದ ಕಾರುಗಳಲ್ಲಿ ಈ ಉತ್ತರ ಹೆಚ್ಚಾಗಿ 433 ಮೆಗಾಹರ್ಟ್ಸ್‌ನಲ್ಲಿ ಹೋಗುತ್ತದೆ. ಉತ್ತರ ಪ್ರತಿ ಸಲ ಬೇರೆ ಬೇರೆ. ಹಾಗಾಗಿ ನಿನ್ನೆಯದನ್ನು ಯಾರಾದರೂ ಕದ್ದು ಇಟ್ಟುಕೊಂಡರೂ ಇವತ್ತು ಅದು ನಡೆಯುವುದಿಲ್ಲ. ಈ ಉತ್ತರ ಕೊಡುವ ಕೆಲಸಕ್ಕೇ ಸೆಲ್ ಬೇಕಾಗಿರುವುದು.

ಆದರೆ ಅದೇ ಕೀ ಒಳಗೆ ಸೆಲ್ ಬೇಡದ ಇನ್ನೊಂದು ಚಿಪ್ ಇರುತ್ತದೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬರುವಾಗ ಹೆಬ್ಬಾಳು ಟೋಲ್ ಸಿಗುತ್ತದಲ್ವಾ? ಅಲ್ಲಿ ನಿಮ್ಮ ಗಾಜಿನ ಮೇಲಿನ ಫಾಸ್ಟ್ಯಾಗ್‌ಗೆ ಯಾವ ಸೆಲ್ ಇದೆ? ಯಾವುದೂ ಇಲ್ಲ. ಟೋಲ್‌ನ ಯಂತ್ರ ಕಳಿಸುವ ಅಲೆಯಿಂದಲೇ ಅದಕ್ಕೆ ಶಕ್ತಿ ಸಿಗುತ್ತದೆ. ಕೀ ಒಳಗಿನ ಈ ಚಿಪ್ ಕೂಡ ಹಾಗೇ. ಹತ್ತಿರ ಹಿಡಿದರೆ ಸಾಕು, ಕಾರೇ ಅದಕ್ಕೆ ಶಕ್ತಿ ಕೊಟ್ಟು ಗುರುತು ಹಿಡಿಯುತ್ತದೆ.

ಆದ್ದರಿಂದ ಸೆಲ್ ಸತ್ತಾಗ ಹೀಗೆ ಮಾಡಿ. ಕೀಯ ಪಕ್ಕದಲ್ಲಿ ಒಂದು ಸಣ್ಣ ಗುಂಡಿ ಇರುತ್ತದೆ. ಅದನ್ನು ಒತ್ತಿ ಎಳೆದರೆ ಒಳಗಿನಿಂದ ಒಂದು ಲೋಹದ ಕೀ ಬರುತ್ತದೆ. ಅದರಿಂದ ಡ್ರೈವರ್ ಬಾಗಿಲು ತೆಗೆಯಿರಿ. ಕೆಲವು ಕಾರುಗಳಲ್ಲಿ ಬಾಗಿಲಿನ ಕೀ ತೂತು ಸಣ್ಣ ಮುಚ್ಚಳದ ಹಿಂದೆ ಅಡಗಿರುತ್ತದೆ. ಅದು ಎಲ್ಲಿದೆ ಅಂತ ಮೊದಲೇ ನೋಡಿಕೊಂಡಿರಿ. ಈ ರೀತಿ ತೆಗೆದಾಗ ಅಲಾರಾಂ ಕೂಗಿಕೊಂಡರೂ ಗಾಬರಿ ಬೇಡ. ಒಳಗೆ ಕೂತು ಬ್ರೇಕ್ ಒತ್ತಿ. ಗೇರ್ ಕಾರಾದರೆ ಕ್ಲಚ್ಚನ್ನೂ ಒತ್ತಿ. ಆಮೇಲೆ ಕೀಯನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿದು ಬಟನ್ ಒತ್ತಿ. ಸ್ಟಾರ್ಟ್ ಆಗುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಕೀ ಹಿಡಿಯುವ ಜಾಗ ಬಟನ್ ಅಲ್ಲ, ಬೇರೆ ಕಡೆ ಇರುತ್ತದೆ. ಕಾರಿನ ಜೊತೆ ಬರುವ ಪುಸ್ತಕದಲ್ಲಿ ಅದರ ಚಿತ್ರ ಇದೆ.

ಸೆಲ್ ಒಂದೇ ದಿನ ಸಾಯುವುದೂ ಇಲ್ಲ. ತುಂಬಾ ಕೀಗಳಲ್ಲಿ ಇರುವುದು ಸಿಆರ್ 2032 ಎನ್ನುವ ಬಿಲ್ಲೆ ಸೆಲ್. ಆ ಸಂಖ್ಯೆಯೇ ಅದರ ಅಳತೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಮುಗಿಯುವ ಮೊದಲು ತುಂಬಾ ಕಾರುಗಳು ಮೀಟರ್ ಬೋರ್ಡಿನಲ್ಲಿ ಸೂಚನೆ ಕೊಡುತ್ತವೆ. ಬಾಗಿಲು ತೆಗೆಯಲು ಎರಡೆರಡು ಸಲ ಒತ್ತಬೇಕಾಗುತ್ತದೆ. ಅದನ್ನು ನೋಡಿದ ದಿನವೇ ಬದಲಿಸಿ. ಇನ್ನೊಂದು ಸೆಲ್ ತಂದು ಪೊಟ್ಟಣ ಒಡೆಯದೆ ಡ್ಯಾಶ್‌ಬೋರ್ಡಿನ ಡ್ರಾಯರ್‌ನಲ್ಲಿ ಇಟ್ಟಿರಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಸೆಲ್ ಅವರ ಕೈಗೆ ಸಿಗದಂತೆ ನೋಡಿಕೊಳ್ಳಿ. ನುಂಗಿದರೆ ಅನ್ನನಾಳವನ್ನೇ ಸುಡುತ್ತದೆ. ತಡ ಮಾಡದೆ ಆಸ್ಪತ್ರೆಗೆ ಓಡಬೇಕಾಗುತ್ತದೆ.

ನಡುದಾರಿಯಲ್ಲಿ ನಿಜವಾಗಿ ಕೈ ಕೊಡಬಹುದಾದದ್ದು ಕಾರಿನ ದೊಡ್ಡ ಬ್ಯಾಟರಿ. ಬ್ರೇಕ್ ಒತ್ತದೆ ಬಟನ್ ಒತ್ತಿದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ಹಾಡು ಮತ್ತು ಲೈಟು ಮಾತ್ರ ಬರುತ್ತವೆ. ಚಂದ್ರವಳ್ಳಿಗೋ ಗಾಜಿನ ಮನೆಗೋ ಹೋದಾಗ ಮಕ್ಕಳು ಕಾರಿನಲ್ಲಿ ಹಾಡು ಹಾಕಿಕೊಂಡು ಕೂರುತ್ತಾರೆ. ದೊಡ್ಡವರು ಬರುವ ಹೊತ್ತಿಗೆ ಬ್ಯಾಟರಿ ಇಳಿದಿರುತ್ತದೆ. ಹಳೇ ಕೀ ಕಾರಾದರೆ ನಾಲ್ಕು ಜನ ತಳ್ಳಿ ಸೆಕೆಂಡ್ ಗೇರ್‌ನಲ್ಲಿ ಸ್ಟಾರ್ಟ್ ಮಾಡುತ್ತಿದ್ದರು. ಬಟನ್ ಕಾರಿನಲ್ಲಿ ಬ್ಯಾಟರಿ ಪೂರ್ತಿ ಇಳಿದರೆ ಸ್ಟೇರಿಂಗ್ ಲಾಕ್ ಬಿಡದೇ ಇರಬಹುದು, ಕೀಯ ಗುರುತೂ ಸಿಗುವುದಿಲ್ಲ. ತಳ್ಳಿ ಪ್ರಯೋಜನವಿಲ್ಲ. ಇನ್ನೊಂದು ಕಾರಿನ ಬ್ಯಾಟರಿಯಿಂದ ಕರೆಂಟ್ ತಂದು ಸ್ಟಾರ್ಟ್ ಮಾಡಲು ಒಂದು ಜೊತೆ ಒಳ್ಳೆಯ ಜಂಪರ್ ಕೇಬಲ್ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಈ ಒಂದು ವಿಷಯದಲ್ಲಿ ಹಳೇ ಕೀ ಕಾರೇ ಮೇಲು, ಒಪ್ಪುತ್ತೇನೆ.

ಇಷ್ಟು ನಿಮ್ಮ ಪ್ರಶ್ನೆಗೆ. ಆದರೆ ನೀವು ಹೆದರುತ್ತಿರುವುದು ಸ್ಟಾರ್ಟ್ ಆಗದಿದ್ದರೆ ಏನು ಅಂತ. ನನಗೆ ಭಯ ಇರುವುದು ಬಂದ್ ಮಾಡುವ ಬಗ್ಗೆ. ಹಳೇ ಕಾರಿನಲ್ಲಿ ಕೀ ತಿರುಗಿಸಿ ಹೊರಗೆ ಎಳೆದರೆ ಎಂಜಿನ್ ನಿಂತಿತು ಅಂತಲೇ ಅರ್ಥ. ಕೀ ಕೈಯಲ್ಲಿದ್ದರೆ ಕಾರು ಬಂದ್ ಆಗಿದೆ. ಮೂವತ್ತು ವರ್ಷದಿಂದ ನಮ್ಮ ಕೈಗೆ ಇದು ರೂಢಿ. ಬಟನ್ ಕಾರಿನಲ್ಲಿ ಎಂಜಿನ್ ಓಡುತ್ತಿರುವಾಗಲೂ ಕೀ ಜೇಬಿನಲ್ಲೇ ಇರುತ್ತದೆ. ಕೈಗೆ ಈಗ ಏನೂ ಗೊತ್ತಾಗುವುದಿಲ್ಲ. ಕಣ್ಣಿನಿಂದಲೇ ನೋಡಬೇಕು.

ನಾನಿರುವುದು ಚಿತ್ರದುರ್ಗದಲ್ಲಿ. ನನ್ನ ಅಕ್ಕನ ಮನೆ ದಾವಣಗೆರೆಯಲ್ಲಿ. ಒಂದು ಬೆಳಿಗ್ಗೆ ಭಾವ ಬೆಂಗಳೂರಿಗೆ ಹೊರಟಿದ್ದರು. ಸ್ಟೇಷನ್ ತನಕ ಅವರೇ ಕಾರು ಓಡಿಸಿದರು. ಇಳಿದು, ಎಂಜಿನ್ ಬಂದ್ ಮಾಡದೆ ಸೀಟನ್ನು ಅಕ್ಕನಿಗೆ ಬಿಟ್ಟುಕೊಟ್ಟರು. ಕಾರು ಬೀಪ್ ಬೀಪ್ ಅಂದಿತು. ಬಾಗಿಲು ಸರಿಯಾಗಿ ಹಾಕಿಲ್ಲವೇನೋ ಅಂದುಕೊಂಡು ಅಕ್ಕ ಮತ್ತೊಮ್ಮೆ ಹಾಕಿಕೊಂಡು ಹೊರಟಳು. ದಾರಿಯಲ್ಲಿ ಹೂವು ತರಕಾರಿ ತಗೊಳ್ಳಲು ನಿಲ್ಲಿಸಿ ಬಂದ್ ಮಾಡಿದಳು. ಮತ್ತೆ ಸ್ಟಾರ್ಟ್ ಆಗಲಿಲ್ಲ. ಕೀ ಭಾವನ ಅಂಗಿ ಜೇಬಿನಲ್ಲಿತ್ತು. ಫೋನ್ ಮಾಡುವ ಹೊತ್ತಿಗೆ ರೈಲು ಚಿಕ್ಕಜಾಜೂರು ದಾಟಿತ್ತು. ಮನೆಯಲ್ಲಿ ಇನ್ನೊಂದು ಕೀ ಇತ್ತು, ಅಳಿಯ ಸ್ಕೂಟರಿನಲ್ಲಿ ತಂದುಕೊಟ್ಟ. ಅವತ್ತಿನಿಂದ ಅವರ ಮನೆಯಲ್ಲಿ ಒಂದು ನಿಯಮ: ಡ್ರೈವರ್ ಬದಲಾದರೆ ಕೀ ಕೈ ಬದಲಾಗಬೇಕು, ಬಾಯಲ್ಲಿ "ಕೀ ಕೊಟ್ಟೆ" ಅನ್ನಬೇಕು. ನಿಮ್ಮ ಮನೆಯಲ್ಲೂ ಮಗಳು, ನೀವು ಇಬ್ಬರೂ ಓಡಿಸುವುದಾದರೆ ಇದನ್ನು ಮೊದಲ ದಿನದಿಂದಲೇ ರೂಢಿ ಮಾಡಿ.

ಇದು ಬರೀ ತೊಂದರೆ. ಇದಕ್ಕಿಂತ ದೊಡ್ಡದು ಎಂಜಿನ್ ಬಂದ್ ಮಾಡುವುದನ್ನೇ ಮರೆಯುವುದು. ಈಗಿನ ಪೆಟ್ರೋಲ್ ಎಂಜಿನ್ ನಿಂತಲ್ಲಿ ಓಡುವಾಗ ಸದ್ದೇ ಇಲ್ಲ. ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟಾರೂ ಇರುವ ಹೈಬ್ರಿಡ್ ಕಾರಿನಲ್ಲಂತೂ ಎಂಜಿನ್ ತಾನಾಗಿ ನಿಂತು, ಆಮೇಲೆ ತಾನಾಗಿ ಮತ್ತೆ ಶುರುವಾಗುತ್ತದೆ. ಬಂದ್ ಆಗಿದೆ ಅಂದುಕೊಂಡು ಇಳಿದುಬಿಡುತ್ತೇವೆ. ಮುಚ್ಚಿದ ಗ್ಯಾರೇಜಿನಲ್ಲಿ ಹೀಗಾದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ. ಅಮೆರಿಕದಲ್ಲಿ 2006ರಿಂದ 2018ರ ತನಕ ಎರಡು ಡಜನ್‌ಗೂ ಹೆಚ್ಚು ಜನ ಹೀಗೆ ತಮ್ಮ ಮನೆಯಲ್ಲೇ ಸತ್ತರು. ಅವರಲ್ಲಿ ವಯಸ್ಸಾದವರು ಜಾಸ್ತಿ. 2021ರಲ್ಲಿ ಅಲ್ಲಿ ಬಂದ ಕಾನೂನು, ಇಂಥ ಕಾರುಗಳ ಎಂಜಿನ್ ಸ್ವಲ್ಪ ಹೊತ್ತಿನ ನಂತರ ತಾನಾಗಿ ನಿಲ್ಲುವಂತೆ ನಿಯಮ ಮಾಡಬೇಕು ಅಂತ ಹೇಳಿತು.

ನಮ್ಮ ಕಡೆ ಕಾರು ಹೆಚ್ಚಾಗಿ ಮನೆ ಮುಂದೆ, ಗಾಳಿಯಾಡುವ ಜಾಗದಲ್ಲಿ ನಿಲ್ಲುತ್ತದೆ. ಅದೇ ನಮ್ಮ ಅದೃಷ್ಟ. ಆದರೆ ಹೊಸ ಬಡಾವಣೆಗಳಲ್ಲಿ ಕೆಳಗೆ ಶಟರ್ ಹಾಕಿದ ಪಾರ್ಕಿಂಗ್, ಮೇಲೆ ಮಲಗುವ ಕೋಣೆ ಇರುವ ಮನೆಗಳು ಬಂದಿವೆ. ನಿಮ್ಮದು ಅಂಥ ಮನೆಯಾಗಿದ್ದರೆ ದಯವಿಟ್ಟು ಈ ಮಾತನ್ನು ಹಗುರವಾಗಿ ತಗೋಬೇಡಿ. ಬಟನ್ ಒತ್ತಿದ ಮೇಲೆ ಮೀಟರ್ ಬೋರ್ಡ್ ಕಪ್ಪಾಗುವ ತನಕ ಸೀಟಿನಿಂದ ಏಳಬೇಡಿ. ಬೀಪ್ ಕೇಳಿಸಿದರೆ ಸುಮ್ನೆ ನಡೆದುಬಿಡಬೇಡಿ. ಬೀಪ್ ಅಂದಾಗೆಲ್ಲ ಕಾರು ಏನೋ ಹೇಳುತ್ತಿದೆ ಅಂತ ತಿಳಿಯಿರಿ.

ಇನ್ನೊಂದು, ಓಡುವ ಕಾರನ್ನು ತುರ್ತಾಗಿ ಬಂದ್ ಮಾಡುವುದು. 2009ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ಹತ್ತಿರ ಒಂದು ಕಾರಿನ ಆಕ್ಸಿಲರೇಟರ್ ಪೆಡಲ್ ಕಾಲಡಿಯ ಮ್ಯಾಟಿಗೆ ಸಿಕ್ಕಿಕೊಂಡಿತು. ಕಾರು ಗಂಟೆಗೆ 160 ಕಿಲೋಮೀಟರ್ ಮೀರಿ ಓಡಿತು. ಒಳಗಿದ್ದ ನಾಲ್ಕೂ ಜನ ಸತ್ತರು. ಓಡಿಸುತ್ತಿದ್ದವರು ಹೆದ್ದಾರಿ ಪೊಲೀಸ್ ಅಧಿಕಾರಿ. ಅನುಭವ ಇಲ್ಲದವರಲ್ಲ. ಆ ಕಾರಿನ ಬಟನ್ನನ್ನು 3 ಸೆಕೆಂಡ್ ಒತ್ತಿ ಹಿಡಿದರೆ ಮಾತ್ರ ಎಂಜಿನ್ ನಿಲ್ಲುತ್ತಿತ್ತು. ಗಾಬರಿಯಲ್ಲಿ ಯಾರಾದರೂ ಬಟನ್ ಕುಟ್ಟುತ್ತಾರೆಯೇ ಹೊರತು ಎಣಿಸುತ್ತಾ ಹಿಡಿಯುವುದಿಲ್ಲ. ಈಗಿನ ತುಂಬಾ ಕಾರುಗಳಲ್ಲಿ ಕೆಲವು ಸೆಕೆಂಡ್ ಒತ್ತಿ ಹಿಡಿದರೂ, ಬೇಗ ಬೇಗ ಮೂರು ಸಲ ಒತ್ತಿದರೂ ಎಂಜಿನ್ ನಿಲ್ಲುತ್ತದೆ. ನಿಮ್ಮ ಕಾರಿನಲ್ಲಿ ಯಾವುದು ಅಂತ ಪುಸ್ತಕ ನೋಡಿ ಬಾಯಿಪಾಠ ಮಾಡಿ. ಬ್ರೇಕನ್ನು ಬಲವಾಗಿ ಒತ್ತಿ ಹಿಡಿದು ನ್ಯೂಟ್ರಲ್‌ಗೆ ತರುವುದು ಮೊದಲ ಕೆಲಸ, ಬಟನ್ ಆಮೇಲೆ. ಎಂಜಿನ್ ನಿಂತ ಮೇಲೆ ಸ್ಟೇರಿಂಗ್ ಮತ್ತು ಬ್ರೇಕ್ ಗಟ್ಟಿಯಾಗುತ್ತವೆ, ಆದರೆ ಕೆಲಸ ಮಾಡುತ್ತವೆ. ಬಲ ಹಾಕಬೇಕು. ಇದನ್ನು ಹೆದ್ದಾರಿಯಲ್ಲಿ ಪರೀಕ್ಷೆ ಮಾಡಬೇಡಿ. ಡ್ರೈವರ್ ಕಾಲಡಿಯಲ್ಲಿ ಮ್ಯಾಟಿನ ಮೇಲೆ ಇನ್ನೊಂದು ಮ್ಯಾಟ್ ಹಾಸುವ ಅಭ್ಯಾಸ ನಮ್ಮಲ್ಲಿದೆ. ಅದನ್ನು ಮಾತ್ರ ಇವತ್ತೇ ತೆಗೆದುಬಿಡಿ.

ಕಳ್ಳತನದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಬ್ಬರು ಕಳ್ಳರು ಎರಡು ಯಂತ್ರ ಹಿಡಿದು ಬರುತ್ತಾರೆ. ಒಬ್ಬ ಕಾರಿನ ಹತ್ತಿರ, ಇನ್ನೊಬ್ಬ ಮನೆ ಬಾಗಿಲ ಹತ್ತಿರ. ಕಾರಿನ ಕೂಗನ್ನು ಯಂತ್ರ ಮನೆಯೊಳಗಿನ ಕೀಗೆ ಮುಟ್ಟಿಸುತ್ತದೆ. ಕೀ ಪಕ್ಕದಲ್ಲೇ ಇದೆ ಅಂತ ಕಾರು ಮೋಸ ಹೋಗುತ್ತದೆ. ಸ್ವಿಟ್ಜರ್‌ಲೆಂಡಿನ ಇಟಿಎಚ್ ಜ್ಯೂರಿಕ್‌ನ ಸಂಶೋಧಕರು 2011ರಲ್ಲಿ 8 ಕಂಪನಿಗಳ 10 ಮಾಡೆಲ್‌ಗಳ ಮೇಲೆ ಇದನ್ನು ಮಾಡಿ ತೋರಿಸಿದರು. ಹತ್ತೂ ಮೋಸ ಹೋದವು. ಕೆಲವು ಹೊಸ ಕೀಗಳು ಅಲುಗಾಡದೆ ಇದ್ದರೆ ತಾವೇ ನಿದ್ದೆ ಹೋಗುತ್ತವೆ, ಆಗ ಯಾರ ಕೂಗಿಗೂ ಉತ್ತರ ಕೊಡುವುದಿಲ್ಲ.

ನಾವು ಕೀಯನ್ನು ಎಲ್ಲಿ ಇಡುತ್ತೇವೆ? ಬಾಗಿಲ ಪಕ್ಕದ ಮೊಳೆಯಲ್ಲಿ, ಇಲ್ಲವೇ ಕಿಟಕಿ ಕಟ್ಟೆಯ ಮೇಲೆ. ಅದೇ ತಪ್ಪು ಜಾಗ. ಬಿಗಿ ಮುಚ್ಚಳದ ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿಡಿ. ಲೋಹ ಅಲೆಯನ್ನು ತಡೆಯುತ್ತದೆ. ಡಬ್ಬಿ ಹಿಡಿದು ಕಾರಿನ ಪಕ್ಕ ನಿಂತು ಬಾಗಿಲು ಎಳೆಯಿರಿ. ತೆಗೆಯದಿದ್ದರೆ ಡಬ್ಬಿ ಸರಿ ಇದೆ. ಸೆಲ್ ಕೂಡ ಜಾಸ್ತಿ ದಿನ ಬರುತ್ತದೆ, ಯಾಕೆಂದರೆ ಕಾರಿನ ಹತ್ತಿರವೇ ಇರುವ ಕೀ ಪದೇ ಪದೇ ಎಚ್ಚರವಾಗುತ್ತಿರುತ್ತದೆ. ಎರಡು ಕೀಗಳನ್ನೂ ಜೋಪಾನ ಮಾಡಿ. ಕಾರು ಕಳುವಾದರೆ ವಿಮೆಯವರು ಎರಡನ್ನೂ ಕೇಳುತ್ತಾರೆ. ಒಂದು ಕಳೆದರೆ ಹೊಸದಕ್ಕೆ ಸಾವಿರಗಟ್ಟಲೆ ಖರ್ಚು.

ಇಷ್ಟೆಲ್ಲ ಹೇಳಿದ ಮೇಲೂ ನಾನು ನಿಮ್ಮ ಮಗಳ ಪರ. ನನ್ನ ಅಮ್ಮನಿಗೆ ಬೆರಳ ಗಂಟುಗಳಲ್ಲಿ ನೋವು. ಹಳೇ ಕಾರಿನ ಕೀ ತಿರುಗಿಸುವುದು ಅವಳಿಗೆ ಕಷ್ಟವಾಗಿ ಓಡಿಸುವುದನ್ನೇ ಬಿಟ್ಟಿದ್ದಳು. ಬಟನ್ ಕಾರು ಬಂದ ಮೇಲೆ ಮತ್ತೆ ವಾರಕ್ಕೊಮ್ಮೆ ತಾನೇ ಓಡಿಸಿಕೊಂಡು ಸಂತೆಗೆ ಹೋಗುತ್ತಾಳೆ. ರಾತ್ರಿ ಹೊತ್ತು ಒಬ್ಬಳೇ ಬರುವ ಹೆಣ್ಣುಮಗಳು ಕತ್ತಲಲ್ಲಿ ಬ್ಯಾಗಿನಲ್ಲಿ ಕೀ ತಡಕಬೇಕಾಗಿಲ್ಲ. ಇದು ಸಣ್ಣ ವಿಷಯ ಅಲ್ಲ. ಬಟನ್ ಹೊಸದೂ ಅಲ್ಲ. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಎಲೆಕ್ಟ್ರಿಕ್ ಸ್ಟಾರ್ಟರ್ ಬಂತು. ಆಮೇಲೆ ಎಷ್ಟೋ ವರ್ಷ ಜನ ಕಾರು ಸ್ಟಾರ್ಟ್ ಮಾಡಿದ್ದು ಕಾಲಿನ ಅಥವಾ ಕೈಯ ಗುಂಡಿ ಒತ್ತಿಯೇ. ಹಳೇ ವಿಲ್ಲಿಸ್ ಜೀಪಿನಲ್ಲಿ ಆ ಗುಂಡಿ ಕಾಲಡಿಯಲ್ಲಿತ್ತು. ಕೀ ತಿರುಗಿಸಿ ಸ್ಟಾರ್ಟ್ ಮಾಡುವ ಕಾಲ ಬಂದದ್ದು ನಂತರ.

ಬಟನ್ ಒಂದಕ್ಕಾಗಿಯೇ ಮೇಲಿನ ವೇರಿಯಂಟ್‌ಗೆ ದುಡ್ಡು ಸುರಿಯುವುದು ಮಾತ್ರ ಬೇಡ. ಆ ದುಡ್ಡಿನಲ್ಲಿ ಏರ್‌ಬ್ಯಾಗ್ ಜಾಸ್ತಿ ಬರುತ್ತದೆಯೇ ನೋಡಿ, ಅದನ್ನು ಮೊದಲು ತಗೊಳ್ಳಿ. ಮನೆಯಲ್ಲಿ ಯಾರಿಗಾದರೂ ಪೇಸ್‌ಮೇಕರ್ ಹಾಕಿದ್ದರೆ ಈ ಕಾರಿನ ಬಗ್ಗೆ ಡಾಕ್ಟರನ್ನು ಕೇಳಿ. ಕಾರಿನ ಆಂಟೆನಾಗಳಿಂದ ಸ್ವಲ್ಪ ದೂರ ಇರಬೇಕು ಅಂತ ಕಾರಿನ ಪುಸ್ತಕಗಳೇ ಹೇಳುತ್ತವೆ.

ಕಾರು ಕೊಡುವ ದಿನ ಹಾರ, ಪೂಜೆ, ಫೋಟೋ, ನಿಂಬೆಹಣ್ಣು ಎಲ್ಲ ಇರುತ್ತದೆ. ಈ ಮಾತುಗಳನ್ನು ಹೇಳುವವರು ಮಾತ್ರ ಇರುವುದಿಲ್ಲ. ಹಾಗಾಗಿ ನೀವೇ ಕೇಳಿ. ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸುವ ಮೊದಲು, ಕೀಯಿಂದ ಸೆಲ್ ಬಿಚ್ಚಿಸಿ ನಿಮ್ಮ ಕೈಯಲ್ಲಿ ಹಿಡಿದುಕೊಳ್ಳಿ. "ಈಗ ಬಾಗಿಲು ತೆಗೆದು ಸ್ಟಾರ್ಟ್ ಮಾಡಿ ತೋರಿಸಿ" ಅನ್ನಿ. ಅವರು ಮಾಡಿದ ಮೇಲೆ ನೀವೊಮ್ಮೆ, ಮಗಳೊಮ್ಮೆ ಮಾಡಿ ನೋಡಿ, ಆಮೇಲೆ ಮನೆಗೆ ತನ್ನಿ.